ರಂಗಂಪೇಟೆಯ ಹಾದಿ, ಸವೆದ ಗಾಲಿ

ಹೋದ ಬೇಸಿಗೆಯಲ್ಲಿ ರಂಗಂಪೇಟೆಯ ಒಂದು ಪಂಕ್ಚರ್ ಅಂಗಡಿಯ ಮುಂದೆ ನನ್ನ ಸಣ್ಣ ಕಾರಿನ ಮುಂದಿನ ಎರಡು ಗಾಲಿಗಳನ್ನು ಬಿಚ್ಚಿ ನೆಲಕ್ಕೆ ಮಲಗಿಸಿದ್ದರು. ಅಂಗಡಿಯವನು ಹೆಬ್ಬೆರಳಿನಿಂದ ಟೈರಿನ ಅಂಚನ್ನು ಸವರಿ, "ಸರ, ಇದು ನೀವು ಓಡಿಸಿ ಸವದದ್ದಲ್ಲ, ರಸ್ತೆ ತಿಂದದ್ದು" ಅಂದ. ಅವನು ಹೇಳಿದ್ದು ಕಣ್ಣಿಗೇ ಕಾಣುತ್ತಿತ್ತು. ಹೊರಗಿನ ಅಂಚಿನಲ್ಲಿ ಇನ್ನೂ ಆಳವಾದ ಗೀರುಗಳಿದ್ದವು. ಒಳಗಿನ ಅಂಚು ಮಾತ್ರ ನುಣ್ಣಗೆ ಬೋಳಾಗಿ, ಒಂದೆರಡು ಕಡೆ ಒಳಗಿನ ನೂಲಿನ ಎಳೆ ಇಣುಕುತ್ತಿತ್ತು. ನಿಂತ ಕಾರನ್ನು ಹೊರಗಿನಿಂದ ನೋಡಿದರೆ ಟೈರು ಚೆನ್ನಾಗಿಯೇ ಇದೆ ಅನಿಸುತ್ತದೆ. ನಾನೂ ತಿಂಗಳುಗಟ್ಟಲೆ ಹಾಗೆಯೇ ನೋಡಿಕೊಂಡು ಓಡಾಡಿದ್ದೆ.

ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಒಂದೇ ಅಂಚು ಸವೆದರೆ ಗಾಲಿಗಳು ನೇರ ನಿಂತಿಲ್ಲವೆಂದು ಅರ್ಥ. ಕಾರು ನೇರ ಹೋಗುತ್ತಿದ್ದರೂ ಗಾಲಿ ಒಂದಿಷ್ಟು ಓರೆಯಾಗಿ ಎಳೆದಾಡಿಕೊಂಡು ಹೋಗುತ್ತಿರುತ್ತದೆ. ಗುಂಡಿಯಲ್ಲಿ ಒಂದು ಸಲ ಜೋರಾಗಿ ಬಿದ್ದರೂ ಸಾಕು, ಈ ಓರೆ ಬಂದುಬಿಡುತ್ತದೆ. ಆದ್ದರಿಂದ ಅಂಗಡಿಯವನ ಮಾತು ಲೆಕ್ಕಕ್ಕೆ ಸರಿಯಾಗಿತ್ತು. ರಸ್ತೆ ಯಾಕೆ ಹೀಗೆ ತಿನ್ನುತ್ತದೆ, ಯಾವಾಗಿನಿಂದ ತಿನ್ನುತ್ತಿದೆ ಎಂಬ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಈ ಬರಹ ಅದರ ಬೆನ್ನು ಹತ್ತಿ ಹೋದದ್ದು.

ಸುರಪುರ ಗುಡ್ಡಗಳ ನಡುವಿನ ಊರು, ಅದರ ಮಗ್ಗುಲಿಗೇ ರಂಗಂಪೇಟೆ. ಗುಡ್ಡದ ಬದಿಯಲ್ಲಿ ಕಲ್ಲು, ಮೊರಂ. ತಗ್ಗಿಗೆ ಇಳಿದರೆ ಎರೆ. ಮಣ್ಣಿನ ವಿಜ್ಞಾನದ ಹಳೆಯ ಪುಸ್ತಕಗಳು ಈ ಕಪ್ಪು ಮಣ್ಣನ್ನು 'ರೇಗರ್' ಎಂದು ಕರೆದವು. ತೆಲುಗಿನ ರೇಗಡಿಯಿಂದ ಬಂದ ಹೆಸರದು. ಇದರೊಳಗಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಮೊಣಕೈತನಕ ಕೈ ಇಳಿಯುತ್ತದೆ. ಹತ್ತಿಗೂ ತೊಗರಿಗೂ ಜೋಳಕ್ಕೂ ಇದಕ್ಕಿಂತ ಒಳ್ಳೆಯ ನೆಲವಿಲ್ಲ, ರಸ್ತೆಗೆ ಇದಕ್ಕಿಂತ ಕೆಟ್ಟ ನೆಲವೂ ಇಲ್ಲ. ಮೇಲೆ ಎಷ್ಟೇ ಡಾಂಬರು ಹಾಕಿದರೂ ಕೆಳಗಿನ ಮಣ್ಣು ವರ್ಷಕ್ಕೊಮ್ಮೆ ಉಸಿರೆಳೆದು ಬಿಡುತ್ತದೆ. ರಸ್ತೆಯ ಮೈ ಅಲೆಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಎದುರಿಗೆ ಲಾರಿ ಬಂದಾಗ ಸಣ್ಣ ಕಾರು ಆ ಅಂಚಿನಿಂದ ಇಳಿದು ಮತ್ತೆ ಹತ್ತಬೇಕು. ನನ್ನ ಟೈರಿನ ಒಳಅಂಚು ಹೋದದ್ದು ಬಹುಶಃ ಅಲ್ಲಿಯೇ.

ಈ ಸೀಮೆಗೆ ದನ ಬಂದು ನಾಲ್ಕು ಸಾವಿರ ವರ್ಷಗಳ ಮೇಲಾಗಿದೆ. ಬೂದಿಹಾಳ ಮತ್ತು ಕೊಡೇಕಲ್ಲಿನ ಬೂದಿದಿಬ್ಬಗಳನ್ನು ಅಗೆದ ಪುರಾತತ್ವಜ್ಞ ಕೆ. ಪದ್ದಯ್ಯನವರು, ಅವು ನವಶಿಲಾಯುಗದ ಜನ ದನ ಕೂಡುತ್ತಿದ್ದ ಜಾಗಗಳಲ್ಲಿ ಸಗಣಿ ಸುಟ್ಟು ಆದ ದಿಬ್ಬಗಳೆಂದು ತೋರಿಸಿಕೊಟ್ಟರು. ಆ ದನಗಳ ಹಿಂದೆ ಬಂಡಿ ಕಟ್ಟಿದ್ದು ಯಾವಾಗಲೋ. ಆದರೆ ಬಂಡಿಯ ಬಗ್ಗೆ ಯೋಚಿಸಿದ ಒಬ್ಬ ದೊಡ್ಡ ಮನುಷ್ಯ ಇದೇ ಸೀಮೆಯವನು. ಸುರಪುರ ಭಾಗದ ಮುದನೂರು ಜೇಡರ ದಾಸಿಮಯ್ಯನ ಊರು. ಅವನ ಒಂದು ವಚನದಲ್ಲಿ ಬಂಡಿಯ ಕಡೆಗೀಲು ಬರುತ್ತದೆ. ಅಚ್ಚಿನ ತುದಿಯಲ್ಲಿ ಗಾಲಿ ಕಳಚದ ಹಾಗೆ ತಡೆಯುವ ಸಣ್ಣ ಕೀಲು ಅದು. ಒಡಲು ಎಂಬ ಬಂಡಿಗೆ ಶರಣರ ಮಾತೇ ಆ ಕೀಲು ಎನ್ನುವುದು ವಚನದ ಹೋಲಿಕೆ. ವಚನವನ್ನು ತರಗತಿಯಲ್ಲಿ ಓದುವಾಗ ನಾವು ಒಡಲು, ದರ್ಪ, ಶರಣರು ಎಂದು ಮುಂದೆ ಹೋಗಿಬಿಡುತ್ತೇವೆ. ನನಗೆ ಅಲ್ಲಿ ಬಡಿಗನ ಕಣ್ಣೂ ಕಾಣುತ್ತದೆ. ಇಡೀ ಬಂಡಿಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಸಣ್ಣ ಭಾಗ ಕಳಚಿದರೆ ಬಂಡಿ ಮಗುಚುತ್ತದೆಂದು ಬಲ್ಲವನು ಮಾತ್ರ ಹಾಗೆ ಬರೆಯಬಲ್ಲ.

ಹಳೆಯ ಬಂಡಿಯ ಗಾಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ಸುಮಾರು ಐದಡಿ. ಬಡಿಗ ಗುಂಬಕ್ಕೆ ಅರಗಳನ್ನು ಕೂಡಿಸಿ ಸುತ್ತು ಕಟ್ಟಿದ ಮೇಲೆ ಕಂಬಾರನ ಕೆಲಸ. ಗಾಲಿಯ ಸುತ್ತಳತೆಗಿಂತ ಒಂದು ಚೂರು ಕಿರಿದಾದ ಕಬ್ಬಿಣದ ಪಟ್ಟಾವನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗಲೇ ಗಾಲಿಗೆ ಏರಿಸಿ ನೀರು ಸುರಿದರೆ ಕುಗ್ಗಿ, ಅರಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಟೈರ್ ಎಂಬ ಮಾತು ಮೊದಲು ಹುಟ್ಟಿದ್ದು ಈ ಕಬ್ಬಿಣದ ಪಟ್ಟಾಕ್ಕೇ. ಉಡುಪು ಎಂಬ ಅರ್ಥದ ಒಂದು ಶಬ್ದದ ಬಾಲ ಅದು ಎನ್ನುತ್ತಾರೆ. ಗಾಲಿಗೆ ಉಡಿಸಿದ್ದು ಟೈರು. ರಬ್ಬರಿನದು ಬಂದದ್ದು ಬಹಳ ತಡವಾಗಿ.

ಕಬ್ಬಿಣದ ಉಡುಪಿನ ಗಾಲಿ ತಾನು ಸವೆಯುವುದಕ್ಕಿಂತ ಹೆಚ್ಚಾಗಿ ಹಾದಿಯನ್ನು ಸವೆಸುತ್ತಿತ್ತು. ಎರಡು ಇಂಚು ಅಗಲದ ಪಟ್ಟಾ ಭಾರವನ್ನೆಲ್ಲ ಒಂದು ಗೆರೆಯ ಮೇಲೆ ಹಾಕುತ್ತದೆ. ಮಳೆಗಾಲದಲ್ಲಿ ಎರೆ ಹಾದಿಯಲ್ಲಿ ಬಂಡಿ ಕೊರೆದ ಗಾಡಿದಾರಿ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ಮುಂದಿನ ಬಂಡಿಗಳೆಲ್ಲ ಅದರಲ್ಲೇ ನಡೆಯಬೇಕಾಗುತ್ತಿತ್ತು. ಒಂದು ಮಾತನ್ನು ಇಲ್ಲಿ ನೆನಪಿಡಬೇಕು: ಈ ಬಂಡಿಗಳಿಗೆ ಬ್ರೇಕು ಇರಲಿಲ್ಲ. ಎರೆಯ ಎಳೆತವೇ ಅರ್ಧ ಬ್ರೇಕು, ಉಳಿದರ್ಧ ಎತ್ತಿನ ಹೆಗಲು. ಇಳಿಜಾರಿನಲ್ಲಿ ಬಂಡಿ ಮುಂದೆ ನುಗ್ಗಿದಾಗ ನೊಗ ಎತ್ತಿನ ಕುತ್ತಿಗೆಯನ್ನು ಒತ್ತುತ್ತದೆ, ಎತ್ತು ಕಾಲೂರಿ ತಡೆಯುತ್ತದೆ.

ಸುರಪುರದ ರಸ್ತೆಗಳ ಮಾತು ಬಂದಾಗ ಫಿಲಿಪ್ ಮೆಡೋಸ್ ಟೇಲರನ ಹೆಸರು ಬಿಡಲಾಗುವುದಿಲ್ಲ. 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರು ಮಾಡಿದ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೂ ಇಲ್ಲಿಯೇ ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎನ್ನುತ್ತಿದ್ದನೆಂದು ಅವನ ಆತ್ಮಕತೆಯಲ್ಲಿದೆ. ಎಂಜಿನಿಯರಿಂಗ್ ಶಾಲೆಯ ಮೆಟ್ಟಿಲು ಹತ್ತದೆ ಮೋಜಣಿ, ಕಟ್ಟಡ, ಕೆರೆಯ ಕೆಲಸ ಕಲಿತವನು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಇನ್ನೂ ನಿಂತಿದೆ. ಅವನ ಪ್ರಸಿದ್ಧ ಕಾದಂಬರಿಯೇ ರಸ್ತೆಯ ಭಯದ ಕಾದಂಬರಿ. ದಾರಿಹೋಕನ ಕುತ್ತಿಗೆಗೆ ರುಮಾಲು ಬೀಳುವ ಕಾಲದ್ದು. ಪಲ್ಲಕ್ಕಿ, ಕುದುರೆ, ಬಂಡಿಗಳ ಆ ಕಾಲದಲ್ಲಿ ಪಯಣಿಗ ವೇಗಕ್ಕೆ ಹೆದರುತ್ತಿರಲಿಲ್ಲ, ಜೊತೆಯಲ್ಲಿ ನಡೆಯುವವನಿಗೆ ಹೆದರುತ್ತಿದ್ದ. ಬ್ರೇಕಿನ ಭಯ ನಮ್ಮ ಕಾಲದ್ದು.

1858ರಲ್ಲಿ ವೆಂಕಟಪ್ಪ ನಾಯಕನ ಬಂಡಾಯ ಮುರಿಯಿತು. 1860ರ ಒಪ್ಪಂದದಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. 1871ರಲ್ಲಿ ಮುಂಬಯಿ ಕಡೆಯ ರೈಲುಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿಕೊಂಡವು. ಯಾದಗಿರಿಗೆ ರೈಲು ಬಂತು, ಸುರಪುರಕ್ಕೆ ಬರಲಿಲ್ಲ. ಇವತ್ತಿಗೂ ಇಲ್ಲಿಯವರು ರೈಲು ಹಿಡಿಯಬೇಕಾದರೆ ಶಹಾಪುರ ದಾಟಿ, ಭೀಮೆಯ ಸೇತುವೆ ದಾಟಿ ಯಾದಗಿರಿಗೆ ಹೋಗಬೇಕು. ಈ ಸೀಮೆಯಲ್ಲಿ ಟೈರಿನ ಚರಿತ್ರೆ ಇಷ್ಟು ಮುಖ್ಯವಾಗಿರುವುದು ಅದಕ್ಕೇ. ಹಳಿ ಇಲ್ಲದ ಊರಿಗೆ ಹತ್ತಿ, ತೊಗರಿ, ಬಾಣಂತಿ, ಪರೀಕ್ಷೆಯ ಹುಡುಗರು ಎಲ್ಲರೂ ರಬ್ಬರಿನ ಮೇಲೆಯೇ ಹೋಗಬೇಕು.

ಆ ರಬ್ಬರಿನ ಕತೆ ಬೇರೆಡೆ ನಡೆಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಗುಟ್ಟು ಕಂಡುಕೊಂಡ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ, ಜನ ಮರೆತುಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದ. ಮೊದಮೊದಲ ಟೈರುಗಳು ಬಿಳಿಚಾಗಿದ್ದವು. ಮಸಿಯಂಥ ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ಸವೆತ ಬಹಳ ಕಡಿಮೆಯಾಗುತ್ತದೆಂದು 1910ರ ದಶಕದಲ್ಲಿ ತಿಳಿದ ಮೇಲೆ ಟೈರು ಕಪ್ಪಾಯಿತು. 1932ರಲ್ಲಿ ನಿಜಾಮನ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳಿಂದ ಶುರು ಮಾಡಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್ಲಪ್ ಕಾರ್ಖಾನೆ ಬಂತು. 1942ರಲ್ಲಿ ಜಪಾನಿಗೆ ಮಲಯಾ, ಸಿಂಗಪುರ ಬಿದ್ದಾಗ ಜಗತ್ತಿನ ರಬ್ಬರು ತೋಟಗಳ ದೊಡ್ಡ ಪಾಲು ಹೋಯಿತು. ಪೆಟ್ರೋಲಿಗೆ ಬದಲು ಇದ್ದಿಲ ಗ್ಯಾಸು ಸುಡುವ ಬಸ್ಸುಗಳ ನೆನಪು ಹಳಬರ ಬರಹಗಳಲ್ಲಿ ಸಿಗುತ್ತದೆ. ಟೈರಿಗೆ ಅಂಥ ಬದಲಿ ಇರಲಿಲ್ಲ. ಇದ್ದದ್ದನ್ನೇ ತೇಪೆ ಹಾಕಿ ಓಡಿಸಬೇಕಿತ್ತು. ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂಡಿಸುವ 'ರಿಬಟನ್' ವಿದ್ಯೆ ನಮ್ಮಲ್ಲಿ ಬೆಳೆದದ್ದು ಇಂಥ ಬಡತನದಿಂದಲೇ. ಇವತ್ತು ದೊಡ್ಡ ಟೈರು ಕಂಪನಿಯಾಗಿರುವ ಎಂ.ಆರ್.ಎಫ್. 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತಿತ್ತು. 1952ರಲ್ಲಿ ರಿಬಟನ್ ರಬ್ಬರಿಗೆ ಕೈ ಹಾಕಿತು.

ಗಾಳಿ ಟೈರು ಬಂಡಿಗೂ ಬಂತು. ನಮ್ಮ ಜನ ಅದಕ್ಕೆ ಕಂಪನಿಯ ಹೆಸರನ್ನೇ ಇಟ್ಟು 'ಡನ್ಲಪ್ ಗಾಡಿ' ಅಂದರು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ವಾದಿಸಿದರು. ಮ್ಯಾನೇಜ್‌ಮೆಂಟ್ ಕಲಿಸುವ ಮನುಷ್ಯ ನೊಗ, ಬೇರಿಂಗು, ಎತ್ತಿನ ಹೆಗಲ ಹುಣ್ಣಿನ ಬಗ್ಗೆ ಮಾತಾಡಿದ್ದನ್ನು ಆಗ ಕೆಲವರು ತಮಾಷೆ ಎಂದುಕೊಂಡಿರಬೇಕು. ನನಗೆ ಅದು ಆ ಸಂಸ್ಥೆಯ ಚರಿತ್ರೆಯಲ್ಲೇ ಒಳ್ಳೆಯ ಅಧ್ಯಾಯ ಎನಿಸುತ್ತದೆ. ರಬ್ಬರಿನ ಟೈರು, ಬೇರಿಂಗು ಬಂದಾಗ ಎಳೆಯುವುದು ಹಗುರವಾಯಿತು. ಹಗುರವಾದದ್ದರಿಂದಲೇ ನಿಲ್ಲಿಸುವುದು ಕಷ್ಟವಾಯಿತು. ಸಮತಟ್ಟಿನಲ್ಲಿ ಉಳಿದ ಎತ್ತಿನ ಶ್ರಮವನ್ನು ಇಳಿಜಾರು ವಸೂಲು ಮಾಡಿಕೊಂಡಿತು. ಗಾಲಿ ಸುಲಭವಾಗಿ ಉರುಳಿದ ದಿನವೇ ಬ್ರೇಕಿನ ಚರಿತ್ರೆ ಶುರುವಾಗುತ್ತದೆ.

ಮೋಟಾರಿಗೆ ಆ ಚರಿತ್ರೆ ಬೇಗ ಬಂತು. 1902ರಲ್ಲಿ ಲೂಯಿ ರೆನೊ ಡ್ರಮ್ ಬ್ರೇಕನ್ನು ರೂಪಿಸಿದ. ಡಬ್ಬಿಯಂಥ ಗಾಲಿಯ ಒಳಗೋಡೆಗೆ ಎರಡು ಅರ್ಧಚಂದ್ರಗಳು ಒತ್ತಿ ತಡೆಯುವ ಬಗೆ. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ, ಆದರೆ ಅದು ಕಾರುಗಳಲ್ಲಿ ನೆಲೆಯೂರಲು 1950ರ ದಶಕದವರೆಗೆ ಕಾಯಬೇಕಾಯಿತು. ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳೆಲ್ಲ ಬಹುಕಾಲ ನಾಲ್ಕೂ ಗಾಲಿಗೆ ಡ್ರಮ್ಮಿನವೇ. ಡ್ರಮ್ಮು ಕಾದರೆ ಬೇಗ ತಣಿಯದು. ನೀರು ಹೊಕ್ಕರೆ ಬೇಗ ಒಣಗದು. ಹಳ್ಳ ದಾಟಿದ ಮೇಲೆ ಹಳೆಯ ಡ್ರೈವರುಗಳು ಸ್ವಲ್ಪ ದೂರ ಬ್ರೇಕ್ ಒತ್ತಿಕೊಂಡೇ ಓಡಿಸಿ ಒಣಗಿಸುತ್ತಿದ್ದರು. ಆ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮು ಬಿಚ್ಚಿ ಬಾಯಿಂದಲೋ ಪಂಪಿನಿಂದಲೋ ಧೂಳು ಊದಿ ಹಾರಿಸುವುದು ಗ್ಯಾರೇಜಿನ ಹುಡುಗರ ಮೊದಲ ಕೆಲಸ. ಕಲ್ನಾರಿನ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆಂಬುದು ಈಗ ಎಲ್ಲರಿಗೂ ಗೊತ್ತು. ಕಾರಿನ ಚರಿತ್ರೆ ಬರೆಯುವವರು ಆ ಹುಡುಗರ ಬಗ್ಗೆ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ಸಣ್ಣ ಕಾರು ಎಂಬ ಮಾತಿಗೆ ಭಾರತದಲ್ಲಿ ಅರ್ಥ ಬಂದದ್ದು ಆ ದಿನ. ಕರ್ನಾಟಕದಲ್ಲಿ ಅದಕ್ಕಿಂತ ಮೊದಲೇ ಪ್ರಯತ್ನ ನಡೆದಿತ್ತು. ಬೆಂಗಳೂರಿನ ಸಿಪಾನಿಯವರು ಮೂರು ಗಾಲಿಯ ಬಾದಲ್, ಆಮೇಲೆ ಫೈಬರ್ ಮೈಯ ಡಾಲ್ಫಿನ್ ತಯಾರಿಸಿದರು, ಅವು ಬೇರೂರಲಿಲ್ಲ. ಮಾರುತಿಯ ಗಾಲಿ 12 ಇಂಚಿನದು, ಅಂಬಾಸಡರಿನದು 15. ಲೆಕ್ಕ ಹಾಕಿದರೆ ಒಂದು ಕಿಲೋಮೀಟರ್ ಹೋಗಲು ಐದಡಿಯ ಬಂಡಿಗಾಲಿ ಸುಮಾರು 210 ಸುತ್ತು ತಿರುಗುತ್ತದೆ, ಅಂಬಾಸಡರಿನದು ಸುಮಾರು 480, ಮಾರುತಿಯದು 600ನ್ನು ಮೀರುತ್ತದೆ. ಗಾಲಿ ಚಿಕ್ಕದಾದಷ್ಟೂ ಅದರ ಪ್ರತಿ ಇಂಚೂ ಹೆಚ್ಚು ಸಲ ನೆಲ ಮುಟ್ಟುತ್ತದೆ, ಬೇಗ ಸವೆಯುತ್ತದೆ. ದೊಡ್ಡ ಗಾಲಿ ಹಾರಿ ಹೋಗುವ ಗುಂಡಿಯೊಳಗೆ ಚಿಕ್ಕದು ಇಳಿದುಬಿಡುತ್ತದೆ. ಮೇಲಾಗಿ ಇಂಥ ಕಾರುಗಳಲ್ಲಿ ಎಳೆಯುವುದೂ ತಿರುಗಿಸುವುದೂ ಮುಂದಿನ ಗಾಲಿಗಳೇ, ಬ್ರೇಕಿನ ಹೆಚ್ಚಿನ ಭಾರ ಹೊರುವುದೂ ಅವೇ. ಒತ್ತಿದಾಗ ಕಾರಿನ ತೂಕವೆಲ್ಲ ಮುಂದಕ್ಕೆ ವಾಲುತ್ತದಲ್ಲ. ಐದು ಸಾವಿರ ಕಿಲೋಮೀಟರಿಗೊಮ್ಮೆಯೋ ಹತ್ತು ಸಾವಿರಕ್ಕೊಮ್ಮೆಯೋ ಮುಂದಿನದನ್ನು ಹಿಂದಕ್ಕೆ ಹಾಕಿ ಎನ್ನುವುದು ಅದಕ್ಕೆ. ನಾನು ಹಾಕಿಸಿರಲಿಲ್ಲ.

ನಾನು ಮಾಡದ ಕೆಲಸ ಅದೊಂದೇ ಅಲ್ಲ, ಮಾಡಬಾರದ್ದೂ ಒಂದಿದೆ. ಕಾರು ಕೊಂಡ ಹೊಸತರಲ್ಲಿ ಟೇಲರ್ ಮಂಜಿಲ್ ಕಡೆಯಿಂದ ಇಳಿಯುವಾಗ ಪೆಟ್ರೋಲು ಉಳಿಯಲಿ ಎಂದು ಎಂಜಿನ್ ಆರಿಸಿಬಿಟ್ಟೆ. ಆ ಕಾಲಕ್ಕೆ ಅದನ್ನು ಜಾಣತನವೆಂದು ನನಗೆ ಹೇಳಿಕೊಟ್ಟವರು ಹಲವರಿದ್ದರು. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯ ಸಲ ಸ್ವಲ್ಪ ಗಡಸು. ಮೂರನೆಯ ಸಲ ಪೆಡಲು ಕಲ್ಲಾಯಿತು, ಸ್ಟೇರಿಂಗೂ ಭಾರವಾಯಿತು. ಕೆಳಗೆ ಎರಡು ಆಡಿನ ಮರಿ, ಅವುಗಳ ಹಿಂದೆ ಒಂದು ಹುಡುಗಿ. ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕಾಲಿನಿಂದ ಪೆಡಲು ತುಳಿದು, ಬದಿಯ ತೊಗರಿಕಟ್ಟಿಗೆಯ ಬಣವೆಗೆ ಕಾರನ್ನು ತಾಗಿಸಿ ನಿಲ್ಲಿಸಿದೆ. ಹುಡುಗಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, ಮರಿಗಳನ್ನು ಹಿಡಿದುಕೊಂಡು ಹೋದಳು. ಕಾರಣ ಆಮೇಲೆ ತಿಳಿಯಿತು. ನಮ್ಮ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರು ನಡೆಯುವುದು ಎಂಜಿನ್ನು ಹೀರುವ ಗಾಳಿಯ ನಿರ್ವಾತದಿಂದ. ಎಂಜಿನ್ ಆರಿಸಿದರೆ ಅದರಲ್ಲಿ ಉಳಿಯುವುದು ಎರಡು ಮೂರು ಒತ್ತಿನಷ್ಟು ಮಾತ್ರ. ಅಂದಿನಿಂದ ಇಳಿಜಾರಿನಲ್ಲಿ ಎರಡನೆಯ ಗೇರು. ಎಂಜಿನ್ನೇ ಕಾಲೂರಿ ತಡೆಯುತ್ತದೆ, ಹಳೆಯ ಎತ್ತಿನ ಹಾಗೆ.

ಬ್ರೇಕು ಮಾಡುವುದೆಂದರೆ ವೇಗವನ್ನು ಶಾಖ ಮಾಡುವುದು. 900 ಕಿಲೋ ತೂಕದ ಕಾರು ಗಂಟೆಗೆ 80 ಕಿಲೋಮೀಟರಿನಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಿಂದ ಮೂರು ಲೋಟ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ವೇಗ 40 ಇದ್ದಿದ್ದರೆ ಅದರ ಕಾಲು ಪಾಲು ಸಾಕು; ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ತೇವ ಹೀರಿದ ಹಳೆಯ ಎಣ್ಣೆ ಬೇಗ ಕುದಿದು ಗುಳ್ಳೆಯಾಗುತ್ತದೆ, ಗುಳ್ಳೆ ತುಂಬಿದ ಕೊಳವೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಕೈಪಿಡಿಗಳು ಹೇಳುವುದು ಇದಕ್ಕೆ. ಈ ಶಾಖವನ್ನು ವ್ಯರ್ಥ ಮಾಡದ ಉಪಾಯವೂ ಕರ್ನಾಟಕದಲ್ಲೇ ರಸ್ತೆಗಿಳಿಯಿತು: 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ವಿದ್ಯುತ್ ಕಾರು ಬ್ರೇಕು ಒತ್ತಿದಾಗ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು. ಗಾಲಿ ಲಾಕ್ ಆಗದಂತೆ ನೋಡಿಕೊಳ್ಳುವ ಎ.ಬಿ.ಎಸ್. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಆದರೆ ಎ.ಬಿ.ಎಸ್. ಏನೇ ಮಾಡಿದರೂ ಕೊನೆಗೆ ನೆಲ ಹಿಡಿಯುವುದು ಟೈರು. ಒಂದೊಂದು ಗಾಲಿ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು.

ಟೈರಿನ ಗೀರುಗಳ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಸವೆದು ಆ ದಿಬ್ಬಕ್ಕೆ ಸಮನಾದರೆ ಟೈರಿನ ಆಯುಷ್ಯ ಮುಗಿಯಿತು. ಅಲ್ಲಿಯತನಕ ಸವೆದ ರಬ್ಬರು ಎಲ್ಲಿಗೆ ಹೋಯಿತು? ಧೂಳಾಗಿ ರಸ್ತೆಗೆ, ಮಳೆಯಲ್ಲಿ ಹಳ್ಳಕ್ಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದಾಗಲೆಲ್ಲ ಸಾಯುತ್ತಿದ್ದುದಕ್ಕೆ ಟೈರಿನ ಧೂಳಿನಿಂದ ಹುಟ್ಟುವ ಒಂದು ರಾಸಾಯನಿಕ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ನಮ್ಮ ಹಳ್ಳಗಳು ಕೃಷ್ಣೆಗೂ ಭೀಮೆಗೂ ಸೇರುತ್ತವೆ.

ರಸ್ತೆಯ ಮಾತಿಗೆ ಮರಳುತ್ತೇನೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಗೆ ನೀರು ತಂದಿತು. ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದವು. ಇದರಿಂದ ಬದುಕಿದ ಮನೆಗಳು ಎಷ್ಟೋ. ಆದರೆ ವರ್ಷಕ್ಕೊಮ್ಮೆ ಉಬ್ಬುತ್ತಿದ್ದ ಮಣ್ಣು ಈಗ ಕಾಲುವೆ ಬಿಟ್ಟಾಗಲೆಲ್ಲ ಉಬ್ಬುತ್ತದೆ. ಗದ್ದೆಯ ಕೆಸರು ತುಳಿಯಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಹಲ್ಲಿನ ಗಾಲಿಗಳು ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಡಾಂಬರಿನ ಮೇಲೇ ನಡೆಯುತ್ತವೆ. ನಾಟಿಯ ಕಾಲದಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಸಾಲುಸಾಲು ಗೀರು ನೋಡಬಹುದು. ಗಾಲಿಯ ಪಟ್ಟಾ ಕಬ್ಬಿಣದಿಂದ ರಬ್ಬರಾಗಲು ನೂರು ವರ್ಷ ಹಿಡಿಯಿತು. ಕಬ್ಬಿಣ ಇನ್ನೊಂದು ದಾರಿಯಿಂದ ರಸ್ತೆಗೆ ವಾಪಸು ಬಂತು. ರೈತನನ್ನು ದೂರುವುದು ಸುಲಭ. ಬಿತ್ತನೆಯ ನಾಲ್ಕು ದಿನಗಳಲ್ಲಿ ಹೊಲದಿಂದ ಹೊಲಕ್ಕೆ ಹೋಗುವಾಗಲೆಲ್ಲ ಗಾಲಿ ಬಿಚ್ಚಿ ಹಾಕುತ್ತ ಕೂತರೆ ಅವನ ಕೆಲಸ ಕೆಡುತ್ತದೆ.

ಸುಗ್ಗಿಯಲ್ಲಿ ಅದೇ ರಸ್ತೆ ಕಣವಾಗುತ್ತದೆ. ತೊಗರಿಯ ಕಟ್ಟಿಗೆ, ಸಜ್ಜೆಯ ತೆನೆ ಹಾಸಿರುತ್ತಾರೆ. ಅದರ ಮೇಲೆ ಬ್ರೇಕು ಒತ್ತಿದರೆ ಸಣ್ಣ ಕಾರು ಜಾರುತ್ತದೆ. ಕಡ್ಡಿಗಳು ಕೆಳಗೆ ಸಿಕ್ಕಿ ಸೈಲೆನ್ಸರಿನ ಶಾಖಕ್ಕೆ ಬೆಂಕಿ ಹತ್ತುವ ಭಯವೂ ಇದೆ. ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಹೋಗುವ 150ಎ ಹೆದ್ದಾರಿಯಲ್ಲಿ ಶಹಾಪುರದ ಬುದ್ಧ ಮಲಗಿದಂಥ ಗುಡ್ಡ ಕಾಣುವವರೆಗೆ ಕಾರು ಹಾಯಾಗಿ ಓಡುತ್ತದೆ. ಒಳರಸ್ತೆಗೆ ತಿರುಗಿದ ಕೂಡಲೇ ಗಂಟೆಗೆ ಮೂವತ್ತು. ಮೇ ತಿಂಗಳ ಮಧ್ಯಾಹ್ನ ಟೈರು ಮುಟ್ಟಿದರೆ ಕೈ ಸುಡುತ್ತದೆ, ಗಾಳಿಯ ಒತ್ತಡವನ್ನು ಬೆಳಗಿನ ತಂಪಿನಲ್ಲೇ ನೋಡಬೇಕು. ಇಷ್ಟು ಕಲಿಯಲು ನನಗೆ ಎರಡು ಜೋಡಿ ಟೈರು ಬೇಕಾದವು.

ಅಂಗಡಿಯವನು ಹೊಸ ಟೈರು ಕೂಡಿಸಿ, ಅದರ ಪಕ್ಕೆಯ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರು ಹುಟ್ಟಿದ ತಾರೀಖು. "ಅಲೈನ್‌ಮೆಂಟು ಇಲ್ಲಿ ಆಗಂಗಿಲ್ಲ ಸರ, ಶಹಾಪುರಕ್ಕೋ ಯಾದಗಿರಿಗೋ ಹೋಗ್ರಿ, ಇವತ್ತೇ ಹೋಗ್ರಿ" ಅಂದ. ಹಳೆಯ ಎರಡನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಒಂದನ್ನು ಆಗಲೇ ಒಬ್ಬರು ಕೇಳಿ ಇಟ್ಟಿದ್ದರು, ಎಮ್ಮೆಗೆ ಹಿಂಡಿ ಇಡುವ ಬುಟ್ಟಿ ಮಾಡಲಿಕ್ಕೆ. ಇನ್ನೊಂದು ಅಂಗಡಿಯ ತಗಡಿನ ಮೇಲೆ, ಗಾಳಿಗೆ ಹಾರದ ಹಾಗೆ ಭಾರಕ್ಕೆ ಹೋಯಿತು.